ಹೊಳೆಮ್ಮನ ಏಳು ಮೈಲಿ

ಕಮಲಾಪುರದ ಹೊಳೆಮ್ಮ ಓಡಿದ್ದನ್ನು ಕಂಡವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಮಳೆ ಬಂದರೂ ಅವಳು ಓಡುತ್ತಿರಲಿಲ್ಲ. ಎಮ್ಮೆ ಹಗ್ಗ ಹರಿದುಕೊಂಡು ಕಬ್ಬಿನ ಗದ್ದೆಗೆ ನುಗ್ಗಿದರೂ ನಡೆದೇ ಹೋಗಿ ಹಿಡಿದು ತರುತ್ತಿದ್ದಳು. ಹತ್ತು ವರ್ಷದವಳಿದ್ದಾಗಿನಿಂದ ಮೊಸರಿನ ಗಡಿಗೆ ಹೊತ್ತು ಹೊಸಪೇಟೆಗೆ ಹೋಗಿ ಬಂದವಳು ಅವಳು. ದಾರಿ ಏಳು ಮೈಲಿ. ಓಡಿದರೆ ಮೊಸರು ಕದಡಿ ನೀರು ಬಿಡುತ್ತದೆ. ತಡವಾದರೆ ಬಿಸಿಲಿಗೆ ಹುಳಿಯಾಗುತ್ತದೆ. ಈ ಎರಡರ ನಡುವೆ ಸಿಕ್ಕು ಅವಳ ನಡಿಗೆ ಒಂದು ರೂಪಕ್ಕೆ ಬಂದಿತ್ತು. ಮೊದಲು ಹಿಮ್ಮಡಿ ಊರುವುದು, ಊರಿದ ಕಾಲನ್ನು ಮಡಿಸದೆ ಸೊಂಟವನ್ನೇ ಮುಂದಕ್ಕೆ ತಿರುಗಿಸುವುದು, ಕುತ್ತಿಗೆಯಿಂದ ಮೇಲೆ ಏನೂ ಅಲುಗದಂತೆ ಇರುವುದು. ನೋಡಿದವರಿಗೆ ನಗು ಬರುತ್ತಿತ್ತು. ಜೊತೆಗೆ ನಡೆಯಲು ಹೋದವರಿಗೆ ನಗುವಷ್ಟು ಉಸಿರು ಉಳಿಯುತ್ತಿರಲಿಲ್ಲ.

“ಬಾತುಕೋಳಿ ಹಂಗ ನಡೀತಿ. ನಿನ್ನ ಹಿಂದ ಬರಾಕ ನನಗ ನಾಚಿಕಿ ಆಗತೈತಿ,” ಎಂದು ಅತ್ತೆ ಗಾಳೆಮ್ಮ ಹಂಗಿಸುತ್ತಿದ್ದಳು.

“ಹಿಂದ ಬಂದ್ರ ಅಲ್ಲೇನು ಅತ್ತಿ ನಾಚಿಕಿ? ನೀ ಅರ್ಧ ದಾರಿಗೇ ಕಡ್ಡಿರಾಂಪುರದಾಗ ಕುಂತುಬಿಡ್ತಿ,” ಎನ್ನುತ್ತಿದ್ದಳು ಹೊಳೆಮ್ಮ.

ಅವಳಿಗೆ ಮೂವತ್ತು ದಾಟಿದ ವರ್ಷ, ಅಂದರೆ ಸಾವಿರದ ಒಂಬೈನೂರ ಮೂವತ್ತೊಂದರಲ್ಲಿ, ಗಂಡ ಉಜ್ಜಿನಪ್ಪನ ಬಲಗೈ ಆಲೆಮನೆಯ ಗಾಣಕ್ಕೆ ಸಿಕ್ಕಿ ಜಜ್ಜಿಹೋಯಿತು. ಅದೇ ವರ್ಷ ಕಮಲಾಪುರಕ್ಕೆ ಬಸ್ಸೂ ಬಂದಿತು. ಬಸ್ಸಿನ ಮೇಲೆ ಒಂದೇ ಸಲಕ್ಕೆ ಇಪ್ಪತ್ತು ಗಡಿಗೆ ಮೊಸರು ಹೊಸಪೇಟೆಗೆ ಹೋಗತೊಡಗಿತು. ಹೊಳೆಮ್ಮನ ವಾಡಿಕೆಯ ಮನೆಗಳು ಒಂದೊಂದಾಗಿ ತಪ್ಪಿದವು. ಮನೆಯಲ್ಲಿ ದುಡಿಯುವ ಕೈ ಅವಳೊಬ್ಬಳದೇ ಆಗಿತ್ತು. ಹೊಲವಿರಲಿಲ್ಲ, ನಡಿಗೆಯ ಹೊರತು ಬೇರೆ ಕಸುಬು ಅವಳಿಗೆ ಗೊತ್ತಿರಲಿಲ್ಲ.

ಆಗ ಕಾಲುವೆಯ ಓವರ್ಸಿಯರ್ ಕಮಲಾಕರರಾಯರಿಗೆ ಒಬ್ಬ ಆಳು ಬೇಕಾಗಿತ್ತು. ಕಮಲಾಪುರದ ತೂಬಿನಲ್ಲಿ ನೀರು ಎಷ್ಟು ಅಡಿ ಇದೆಯೆಂದು ಬರೆದ ಚೀಟಿಯನ್ನು ದಿನಾಲೂ ಬೆಳಿಗ್ಗೆ ಒಂಬತ್ತರೊಳಗೆ ಹೊಸಪೇಟೆಯ ಕಚೇರಿಗೆ ಮುಟ್ಟಿಸಬೇಕು. ಬಸ್ಸು ಜನ ತುಂಬಿದ ಮೇಲೆ ಹೊರಡುತ್ತಿದ್ದುದರಿಂದ ಅದನ್ನು ನಂಬುವಂತಿರಲಿಲ್ಲ. ಹಿಂದೆ ಇಟ್ಟುಕೊಂಡಿದ್ದ ಆಳುಗಳು ಮೊದಲ ದಿನ ಓಡುತ್ತ ಬಂದು ಮೂರನೆಯ ದಿನ ಹಾಸಿಗೆ ಹಿಡಿದಿದ್ದರು. ಅದಕ್ಕಾಗಿ ರಾಯರು ನಡಿಗೆಯ ಪಂದ್ಯವೊಂದನ್ನು ಗೊತ್ತುಮಾಡಿ ಊರಲ್ಲಿ ಡಂಗುರ ಹಾಕಿಸಿದರು. ಓಡಿದವನಿಗೆ ಕೆಲಸವಿಲ್ಲ. ಒಂದು ಕಾಲು ಸದಾ ನೆಲದ ಮೇಲಿರಬೇಕು. ಮೊದಲು ಬಂದವನಿಗೆ ಒಂದು ಪಂಚೆ, ಜೊತೆಗೆ ಚೀಟಿಯ ಕೆಲಸ.

ಹೆಸರು ಬರೆಸಲು ಹೊಳೆಮ್ಮ ಬಂದಾಗ ರಾಯರು ತಲೆಯೆತ್ತಿ ನೋಡಿದರು.

“ಇದು ಹೆಣ್ಣುಮಕ್ಕಳಿಗೆ ಅಲ್ಲವ್ವ.”

“ಡಂಗುರದಾಂವ ಹಂಗ ಹೇಳಿಲ್ರಿ. ನಡಿಯವ್ರು ಬರ್ರಿ ಅಂದ. ನಾ ನಡೀತೀನಿ.”

ರಾಯರು ಹೆಸರು ಬರೆದುಕೊಂಡರು.

“ಒಂದು ಗಡಿಗಿ ನೀರು ಹೊತಗೊಂಡು ಬರ್ತೀನ್ರಿ,” ಎಂದಳು. “ತಲಿ ಮ್ಯಾಲ ಭಾರ ಇಲ್ಲಂದ್ರ ನನ್ನ ಕಾಲು ಹಿಡಿತಕ್ಕ ಬರಂಗಿಲ್ಲ.”

“ನಿನಗ ಭಾರ ಆದ್ರ ನನಗೇನು, ಹೊತಗೋ,” ಎಂದು ರಾಯರು ನಕ್ಕರು.

ಪಂದ್ಯದ ದಿನ ತೂಬಿನ ಹತ್ತಿರ ಹತ್ತು ಜನ ಗಂಡಸರು, ಒಬ್ಬ ಹೆಂಗಸು ನಿಂತರು. ಕಚೇರಿಗೆ ಮುಟ್ಟಿಸಲು ಒಬ್ಬೊಬ್ಬರ ಕೈಗೂ ಒಂದೊಂದು ಚೀಟಿ ಕೊಟ್ಟರು. ಹೊಳೆಮ್ಮ ತನ್ನದನ್ನು ಸೆರಗಿನ ತುದಿಗೆ ಗಂಟು ಹಾಕಿದಳು. ಜವಾನ ಕೊಟ್ರಯ್ಯ ಸೈಕಲ್ಲಿನ ಮೇಲೆ ಹಿಂದೆ ಮುಂದೆ ಸುತ್ತುತ್ತ, ಓಡಿದವರನ್ನು ಹೆಸರು ಹಿಡಿದು ಕೂಗಿ ವಾಪಸು ಕಳಿಸುತ್ತಿದ್ದ. ಕಡ್ಡಿರಾಂಪುರ ದಾಟುವಷ್ಟರಲ್ಲಿ ನಾಲ್ವರು ಹಾಗೆ ಹಿಂದಿರುಗಿದರು. ಉಳಿದವರಲ್ಲಿ ಒಬ್ಬ ದೂರು ಹೇಳಿದ:

“ಆಕಿ ಓಡಾಕ ಹತ್ಯಾಳ ನೋಡಪ್ಪ. ಇಲ್ಲಂದ್ರ ಹೆಣಮಗಳು ಇಷ್ಟು ಮುಂದ ಹೆಂಗ ಹೋದ್ಲು?”

ಕೊಟ್ರಯ್ಯ ಅವಳ ಪಕ್ಕಕ್ಕೆ ಸೈಕಲ್ ತಂದು ಅರ್ಧ ಮೈಲಿ ನೋಡಿದ. ಗಡಿಗೆಯ ನೀರು ಕಂಠದವರೆಗೆ ಇತ್ತು. ಸೆರಗಿನ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲ. ಅವನು ಹಿಂದೆ ತಿರುಗಿ, “ನೀನೂ ಒಂದು ಗಡಿಗಿ ಹೊತಗೊಂಡು ಓಡಿ ತೋರ್ಸಲೇ,” ಎಂದ.

ಅನಂತಶಯನಗುಡಿ ದಾಟಿದ ಮೇಲೆ ಅವಳ ಬೆನ್ನಿಗೆ ಉಳಿದವನು ಪಾಲಪ್ಪನೊಬ್ಬನೇ. ಸಂತೆಯಿಂದ ಸಂತೆಗೆ ಎತ್ತು ಹೊಡೆದುಕೊಂಡು ಹೋಗುವ ಗಟ್ಟಿ ಆಳು ಅವನು. ಇಬ್ಬರ ನಡುವೆ ಇಪ್ಪತ್ತು ಮಾರು ಅಂತರವಿತ್ತು.

ಕಚೇರಿಯ ಬೀದಿಗೆ ತಿರುಗಿದಾಗ ರಸ್ತೆಗೆ ಅಡ್ಡಲಾಗಿ ಒಂದು ಹಗ್ಗ ಕಟ್ಟಿತ್ತು. ಪಂದ್ಯಗಳಲ್ಲಿ ಗೆದ್ದವನು ಹಗ್ಗವನ್ನು ಎದೆಯಿಂದ ಕೆಡವುತ್ತಾನೆಂದು ಎಲ್ಲೋ ಕೇಳಿದ್ದ ಗುಮಾಸ್ತ ಶೀನಪ್ಪ ಕೊನೆಯ ಗಳಿಗೆಯಲ್ಲಿ ಕಟ್ಟಿಸಿದ್ದ. ಕಮಲಾಪುರದಿಂದ ಹೊರಟವರಿಗೆ ಇದು ತಿಳಿದಿರಲಿಲ್ಲ. ಹೊಳೆಮ್ಮ ಹಗ್ಗದಿಂದ ಒಂದು ಮಾರು ಈಚೆ ಗಕ್ಕನೆ ನಿಂತಳು. ಆಚೆ ನೆರೆದಿದ್ದ ಜನರನ್ನು ನೋಡಿ ಕೇಳಿದಳು:

“ಯಾವ ಓಣ್ಯಾಗ ಬಿದ್ದೈತ್ರಿ?”

ಯಾರಿಗೂ ಅರ್ಥವಾಗಲಿಲ್ಲ. “ಬಾರವ್ವ, ಬಾ,” ಎಂದು ಕೈ ಬೀಸಿದರು. ಅವಳು ಕದಲಲಿಲ್ಲ. ಅವಳ ಹದಿಹರೆಯದಲ್ಲಿ ಪ್ಲೇಗು ಬಿದ್ದಾಗಲೆಲ್ಲ ಹೊಸಪೇಟೆಯ ಓಣಿಗಳ ಬಾಯಿಗೆ ಹೀಗೆಯೇ ಹಗ್ಗ ಕಟ್ಟುತ್ತಿದ್ದರು. ಮೊಸರಿನವರು ಗಡಿಗೆಯನ್ನು ಹಗ್ಗದ ಈಚೆ ಇಟ್ಟು ದೂರ ಸರಿದು ನಿಲ್ಲಬೇಕು; ಒಳಗಿನವರು ಬಂದು ಸುರಿದುಕೊಂಡು ಹೋಗುತ್ತಿದ್ದರು. ಅವಳ ಅಕ್ಕ ಒಮ್ಮೆ ಹಗ್ಗ ದಾಟಿ ಹೋಗಿದ್ದಳು. ಎಂಟನೆಯ ದಿನ ಅವಳಿರಲಿಲ್ಲ.

ಅಷ್ಟರಲ್ಲಿ ಪಾಲಪ್ಪ ಬಂದ ರಭಸಕ್ಕೆ ಹಗ್ಗಕ್ಕೆ ಎದೆಗೊಟ್ಟು ಆಚೆ ಬಿದ್ದ. ಜನ ಅವನನ್ನು ಎತ್ತಿ ಹೆಗಲ ಮೇಲೆ ಕೂಡಿಸಿಕೊಂಡರು. ಹಗ್ಗ ನೆಲಕ್ಕೆ ಬಿತ್ತು. ಜನ ಅದನ್ನು ತುಳಿದುಕೊಂಡು ಈಚೆಗೂ ಆಚೆಗೂ ಓಡಾಡಿದರು. ದಾರಿ ತೆರವಾಯಿತೆಂದು ಹೊಳೆಮ್ಮ ಮುಂದೆ ನಡೆದು, ಕಚೇರಿಯ ಮೆಟ್ಟಿಲು ಹತ್ತಿ, ಶೀನಪ್ಪನ ಮೇಜಿನ ಮೇಲೆ ಚೀಟಿ ಇಟ್ಟಳು. ಮೇಜಿಗೆ ಬಂದ ಪ್ರತಿ ಕಾಗದದ ಮೇಲೂ ಹೊತ್ತು ಬರೆಯುವುದು ಶೀನಪ್ಪನ ರೂಢಿ. ಗಡಿಯಾರ ನೋಡಿ ಬರೆದ.

ಸ್ವಲ್ಪ ಹೊತ್ತಿಗೆ ಪಾಲಪ್ಪ ಒಳಗೆ ಬಂದ. ರಾಯರೂ ಅಲ್ಲೇ ಕುಳಿತಿದ್ದರು.

“ಹಗ್ಗ ಕೆಡವಿದಾಂವ ನಾನ್ರಿ, ರಾಯರ.”

“ಖರೆ. ಪಂಚೆ ನಿಂದು. ಚೀಟಿ ಎಲ್ಲದ?”

ಪಾಲಪ್ಪ ಸೊಂಟದ ಮಡಿಕೆಯಿಂದ ತೆಗೆದ. ಬೆವರಿಗೆ ಶಾಯಿ ಹರಡಿ ಅಂಕೆಗಳು ಕಾಣುತ್ತಿರಲಿಲ್ಲ. ರಾಯರು ಎರಡು ಚೀಟಿಗಳನ್ನೂ ಪಕ್ಕಪಕ್ಕಕ್ಕೆ ಇಟ್ಟು ನೋಡಿದರು. ಆಮೇಲೆ ಹೊಳೆಮ್ಮನನ್ನು, ಯಾಕೆ ನಿಂತೆ ಎಂದು ಕೇಳಿದರು. ಅವಳು ಹೇಳಿದಳು. ಆ ವರ್ಷಗಳಲ್ಲಿ ಹಗ್ಗದ ಒಳಗಡೆ ಇದ್ದವರಲ್ಲಿ ರಾಯರೂ ಒಬ್ಬರು.

“ನಾಳೆಯಿಂದ ನೀನ ಬಾ ಹೊಳೆಮ್ಮ,” ಎಂದರು. “ನೀರಿನ ಗಡಿಗಿ ಮಾತ್ರ ಬ್ಯಾಡ.”

“ಹೆಂಗೂ ಬರ್ತೀನಲ್ರಿ, ಮೊಸರು ತರ್ತೀನಿ.”

ಹನ್ನೊಂದು ವರ್ಷ ಅವಳು ಆ ಚೀಟಿ ತಂದಳು. ಹೆರಿಗೆಯ ಎರಡು ಸಲ ಬಿಟ್ಟರೆ ಒಂದು ದಿನವೂ ಒಂಬತ್ತು ಮೀರಲಿಲ್ಲವೆಂದು ಕಚೇರಿಯ ಪುಸ್ತಕದಲ್ಲಿತ್ತು. ಬಲ ಮೊಣಕಾಲು ಬಾತು ಅವಳು ಕೆಲಸ ಬಿಡುವ ಹೊತ್ತಿಗೆ ಬೇರೊಬ್ಬ ಓವರ್ಸಿಯರ್ ಬಂದಿದ್ದರು. ಮತ್ತೆ ಪಂದ್ಯ ಇಡೋಣವೇ ಎಂದು ಅವರು ಅವಳನ್ನೇ ಕೇಳಿದರು.

“ಪಂದ್ಯ ಬ್ಯಾಡ್ರಿ. ಪಾಲಪ್ಪನ್ನ ಕರೀರಿ. ಅವತ್ತು ಏಳು ಮೈಲಿ ಅವನ ಹೆಜ್ಜಿ ಸಪ್ಪಳ ಕೇಳೀನಿ. ಎಲ್ಲೂ ಓಡ್ಲಿಲ್ಲ.”

ಪಾಲಪ್ಪ ಬಂದ. ಶೀನಪ್ಪ ದಿನಾಲೂ ಚೀಟಿಯ ಮೇಲೆ ಹೊತ್ತು ಬರೆಯುತ್ತ, “ಹೊಳೆಮ್ಮಗಿಂತ ಹತ್ತು ನಿಮಿಷ ತಡಾ ನೋಡಪ್ಪ,” ಎನ್ನುತ್ತಿದ್ದ.

“ಗೊತ್ತೈತ್ರಿ,” ಎಂದು ಪಾಲಪ್ಪ ಮೆಟ್ಟಿಲ ಮೇಲೆ ಕುಳಿತು ಕಾಲು ನೀವಿಕೊಳ್ಳುತ್ತಿದ್ದ.