ಕೊಳ್ಳುವ ಮೊದಲೇ ಪೂಜೆಯಾದ ಯಂತ್ರ

ನನ್ನ ಗೋದಾಮು ಹೊನ್ನಾವರದಲ್ಲಿದೆ. ದನದ ಹಿಂಡಿ, ತೌಡು, ಹತ್ತಿಕಾಳಿನ ಹಿಂಡಿ, ಹೀಗೆ ಹಾಲು ಕರೆಯುವ ಮನೆಗಳಿಗೆ ಬೇಕಾದದ್ದೆಲ್ಲ ಚೀಲದಲ್ಲಿ ಬರುತ್ತದೆ, ಚೀಲದಲ್ಲೇ ಹೋಗುತ್ತದೆ. ಇತ್ತ ಭಟ್ಕಳದ ಹೆಬಳೆ, ಅತ್ತ ಕುಮಟೆಯ ಕತಗಾಲದವರೆಗೂ ಗಿರಾಕಿಗಳಿದ್ದಾರೆ. ಬಸ್ ಸ್ಟ್ಯಾಂಡಿನ ಹಿಂದೆ ತಗಡಿನ ಮಾಡಿನ ಕೆಳಗೆ ಮೂರು ಚೀಲ ಇಟ್ಟುಕೊಂಡು ಕಿಲೋ ಲೆಕ್ಕದಲ್ಲಿ ತೌಡು ಮಾರಿ ಮೇಲೆ ಬಂದವಳು ನಾನು. ಹಾಗಾಗಿ ಯಾವುದನ್ನೂ ಮುಟ್ಟದೆ, ಎಳೆಯದೆ, ಎತ್ತಿ ನೋಡದೆ ಕೊಳ್ಳುವ ರೂಢಿ ನನಗಿಲ್ಲ.

ಒಂದೇ ಸಲ ತಪ್ಪಿದ್ದೆ. ಕುಮಟೆಯ ಅಂಗಡಿಯೊಂದರಲ್ಲಿ ನಾಲ್ಕು ಗಾಲಿಯ ತಳ್ಳುಗಾಡಿ ನೋಡಿದೆ. ಅವರ ಟೈಲ್ಸ್ ನೆಲದ ಮೇಲೆ ಅದು ಒಂದು ಬೆರಳಲ್ಲಿ ತಳ್ಳಿದರೂ ಓಡುತ್ತಿತ್ತು. ಇಲ್ಲಿಗೆ ತಂದರೆ, ನನ್ನ ಗೋದಾಮಿನ ಚಿರೇಕಲ್ಲಿನ ಹೊಸ್ತಿಲ ಎದುರು ಹಟಮಾರಿ ಎಮ್ಮೆಯ ಹಾಗೆ ನಿಂತಿತು. ಇವತ್ತಿಗೂ ಅದರ ಮೇಲೆ ದಾಸವಾಳದ ಕುಂಡಗಳಿವೆ. ಅದಕ್ಕೇ ಹೇಳುವುದು, ಗೋದಾಮಿನ ಸಾಮಾನು ಕೊಳ್ಳುವವರು ಅಂಗಡಿಯ ನೆಲದ ಮೇಲೆ ಪರೀಕ್ಷೆ ಮಾಡಬೇಡಿ. ನಿಮ್ಮ ನೆಲ, ನಿಮ್ಮ ಚೀಲ, ನಿಮ್ಮ ಜನ, ಮೂರೂ ಇರಬೇಕು.

ನನ್ನ ಜನ ಅಂದರೆ ಮುಖ್ಯವಾಗಿ ಒಬ್ಬ ಹಮಾಲ. ತಗಡಿನ ಮಾಡಿನ ಕಾಲದಿಂದಲೂ ನನ್ನ ಚೀಲಗಳನ್ನು ಹೊತ್ತವನು. ಈಗ ಅವನ ಕೈಕೆಳಗೆ ಇಬ್ಬರಿದ್ದಾರೆ. ಚೀಲದ ಹೊಟ್ಟೆಗೆ ಅಂಗೈ ಒತ್ತಿದರೆ ಸಾಕು, ಒಳಗೆ ತೇವ ಹಿಡಿದಿದೆಯೋ ಇಲ್ಲವೋ ಹೇಳುತ್ತಾನೆ. ಮಳೆಗಾಲದಲ್ಲಿ ಯಾವ ಅಟ್ಟಿ ಮೊದಲು ಖಾಲಿಯಾಗಬೇಕು ಎನ್ನುವುದು ನನ್ನ ರಿಜಿಸ್ಟರಿಗಿಂತ ಅವನ ತಲೆಯಲ್ಲಿ ಚೆನ್ನಾಗಿದೆ.

ಹೋದ ಮಳೆಗಾಲದ ಕೊನೆಗೆ ಅವನ ಸೊಂಟ ಹಿಡಿಯಿತು. ಕುಮಟೆಗೆ ಹೋಗಿ ಎಕ್ಸ್‌ರೇ ತೆಗೆಸಿಕೊಂಡು ಬಂದ. ಇನ್ನು ಬೆನ್ನ ಮೇಲೆ ಭಾರ ಹೊರಲೇಬಾರದು ಎಂದು ಡಾಕ್ಟರು ಹೇಳಿದ್ದನ್ನು, ಪಕ್ಕದ ಮನೆಯವರ ಸುದ್ದಿ ಹೇಳಿದ ಹಾಗೆ ನನಗೆ ಹೇಳಿದ. ಇನ್ನೊಂದೆರಡು ತಿಂಗಳು ನೋಡುವುದು, ಆಗದಿದ್ದರೆ ಹೆಬಳೆಯಲ್ಲಿರುವ ತಂಗಿಯ ಮನೆಗೆ ಹೋಗಿ ತರಕಾರಿ ಗದ್ದೆಯ ನವಿಲು ಓಡಿಸಿಕೊಂಡು ಇರುವುದು ಎಂದ. ಚಾ ಕುಡಿಯುವಾಗಲೂ ನಿಂತೇ ಕುಡಿಯುವ ಮನುಷ್ಯ ಗದ್ದೆಯ ಅಂಚಿನಲ್ಲಿ ಕುಳಿತಿರುವುದು ನನಗೆ ಊಹೆಗೇ ಬರಲಿಲ್ಲ. ಅವನು ಹೋದರೆ ನನ್ನ ಗೋದಾಮು ಅರ್ಧ ಕುರುಡಾಗುತ್ತದೆ ಎನ್ನುವುದೂ ನಿಜ.

ಭಟ್ಕಳದ ಟೈಲ್ಸ್ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಸ್ಟ್ಯಾಕರ್ ಎನ್ನುವ ಯಂತ್ರ ನೋಡಿದ್ದು ಆಗಲೇ. ಮುಂದೆ ಎರಡು ಉದ್ದನೆಯ ಕಬ್ಬಿಣದ ಕೈ, ಹಿಂದೆ ಒಂದು ಹಿಡಿ. ಮರದ ಹಲಗೆಯ ಮೇಲೆ ಚೀಲ ಪೇರಿಸಿ, ಕಬ್ಬಿಣದ ಕೈಗಳನ್ನು ಅದರ ಅಡಿಗೆ ತೂರಿಸಿ, ಪಂಪು ಹೊಡೆದ ಹಾಗೆ ಹಿಡಿಯನ್ನು ಒತ್ತುತ್ತ ಹೋದರೆ ಇಡೀ ಹೊರೆ ಲಾರಿಯ ಎತ್ತರಕ್ಕೆ ಏರುತ್ತದೆ. ಲಾರಿಯಿಂದ ಇಳಿಸುವಾಗಲೂ ಅಷ್ಟೆ. ಚೀಲವನ್ನು ಹಲಗೆಯ ಮೇಲೆ ಜಾರಿಸಿದರಾಯಿತು, ಬೆನ್ನಿಗೆ ಕೆಲಸವಿಲ್ಲ. ಮನೆಯಲ್ಲಿ ನವಾಯಿತಿ, ನನ್ನೊಡನೆ ಉರ್ದು ಬೆರೆಸಿದ ಕನ್ನಡ ಆಡುವ ಆ ವ್ಯಾಪಾರಿ, ಅರ್ಧ ಗಂಟೆ ನನ್ನ ಕೈಗೇ ಯಂತ್ರ ಕೊಟ್ಟರು. ಕೊಳ್ಳುವ ದಿನ ಪೂರ್ತಿ ಭಾರ ಹಾಕಿ ಎತ್ತಿ, ಹಾಗೇ ಬಿಟ್ಟು ಚಾ ಕುಡಿಯಲು ಹೋಗಿ, ಬಂದು ನೋಡುವಾಗ ಒಂದು ಬೆರಳೂ ಇಳಿದಿರಬಾರದು ಎಂಬ ಗುಟ್ಟನ್ನೂ ಹೇಳಿಕೊಟ್ಟರು. ಇಳಿದಿದ್ದರೆ ಒಳಗೆ ಎಣ್ಣೆ ಸೋರುತ್ತಿದೆ ಎಂದೇ ಅರ್ಥ.

ಹುಬ್ಬಳ್ಳಿಯ ಮಾರಾಟಗಾರನೊಬ್ಬನನ್ನು ಫೋನಿನಲ್ಲಿ ಹಿಡಿದೆ. ವಿಡಿಯೋ ಕಳಿಸುತ್ತೇನೆ, ನೋಡಿ ಆರ್ಡರ್ ಮಾಡಿ ಎಂದ. ವಿಡಿಯೋದಲ್ಲಿ ನನ್ನ ಚೀಲ ಏಳುವುದಿಲ್ಲವಲ್ಲ ಎಂದೆ. ಒಂದು ವಾರ ಹಗ್ಗಜಗ್ಗಾಟವಾಗಿ, ಯಂತ್ರವನ್ನು ನನ್ನಲ್ಲಿಗೇ ತರುವುದು, ನಾನು ಬೇಡವೆಂದರೆ ಅವನ ಖರ್ಚಿನಲ್ಲೇ ಒಯ್ಯುವುದು ಎಂದು ಮಾತಾಯಿತು. ಯಂತ್ರ ಬರುವ ಮೂರು ದಿನ ಮೊದಲೇ ನಾನು ಮುಖ ತಯಾರು ಮಾಡಿಕೊಂಡೆ. ದರ ಕುದುರುವವರೆಗೆ ವಸ್ತು ಇಷ್ಟವಾಯಿತೆಂದು ಹುಬ್ಬಿನಲ್ಲೂ ತೋರಿಸಬಾರದು. ಇದು ಎಲ್ಲರಿಗೂ ಹೇಳುವ ಮಾತು, ಆದರೆ ಅವತ್ತು ಹಮಾಲನಿಗೆ ಹೇಳುವುದನ್ನು ಮರೆತಿದ್ದೆ.

ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ಗೋದಾಮಿನ ತುಂಬ ಊದಿನಕಡ್ಡಿಯ ವಾಸನೆ. ಯಂತ್ರ ಎಂಟಕ್ಕೇ ಬಂದಿಳಿದಿತ್ತು. ಹಮಾಲ ಒಗೆದ ಅಂಗಿ ಹಾಕಿಕೊಂಡು ನಿಂತಿದ್ದ. ಯಂತ್ರದ ಹಿಡಿಗೆ ಕುಂಕುಮ, ನೆತ್ತಿಗೆ ನನ್ನದೇ ಕುಂಡದ ದಾಸವಾಳ, ಗಾಲಿಗಳ ಅಡಿಯಲ್ಲಿ ಅಪ್ಪಚ್ಚಿಯಾದ ಲಿಂಬೆಹಣ್ಣು. ಒಡೆದ ಕಾಯಿಯ ಒಂದು ಚೂರನ್ನು ಮಾರಾಟಗಾರ ಆರಾಮಾಗಿ ಜಗಿಯುತ್ತಿದ್ದ.

"ಪೂಜಿ ಮುಗೀತ್ರಿ ಅಕ್ಕಾರ," ಎಂದ ಅವನು. "ಇನ್ನ ಇದು ನಿಮ್ಮ ಮನಿ ಮಗಳು."

ನನ್ನ ಮೂರು ದಿನದ ಮುಖ ಅಲ್ಲೇ ಕಳಚಿ ಬಿತ್ತು. ಹೊಸ ಗಾಡಿ, ಹೊಸ ಪಂಪ್‌ಸೆಟ್, ಹೊಸ ತಕ್ಕಡಿ, ಯಾವುದೇ ಬರಲಿ, ಮೊದಲು ಪೂಜೆ ಮಾಡಿ ಆಮೇಲೆ ಮುಟ್ಟುವುದು ನಮ್ಮ ಕಡೆಯ ಪದ್ಧತಿ. ಪೂಜೆಯಾದದ್ದನ್ನು ಹೊರಗೆ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಪರೀಕ್ಷೆಗೆ ಬಂದ ವಸ್ತು ಇನ್ನೂ ನಮ್ಮದಲ್ಲ ಎನ್ನುವುದು ಇವನಿಗೆ ಹೊಳೆಯಲೇ ಇಲ್ಲ. ಹುಬ್ಬಳ್ಳಿಯವನಿಗೆ ಹೊಳೆದಿತ್ತು, ಅವನು ಸುಮ್ಮನೆ ಕಾಯಿ ತಿಂದ.

ಇರಲಿ ಎಂದು ಪರೀಕ್ಷೆ ಶುರು ಮಾಡಿದೆ. ಮಾರಾಟಗಾರ ಆರು ಚೀಲ ಸಾಕೆಂದ. ಒಂದು ಟನ್ ಎಂದು ಯಂತ್ರದ ಮೇಲೆ ಬರೆದಿದ್ದು ನೀವೇ, ಹಾಗಾದರೆ ಐವತ್ತು ಕಿಲೋದ ಇಪ್ಪತ್ತು ಚೀಲ ಹಾಕಿ ಎಂದೆ. ಇಬ್ಬರು ಹುಡುಗರು ಹಾಕಿದರು, ಹಮಾಲ ಪಕ್ಕದಲ್ಲಿ ನಿಂತು ಲಾಭ, ಎರಡು, ಮೂರು ಎಂದು ರಾಗವಾಗಿ ಎಣಿಸಿದ. ನಮ್ಮಲ್ಲಿ ಮೊದಲನೆಯ ಚೀಲ ಒಂದಲ್ಲ, ಲಾಭ. ಮಾರಾಟಗಾರ ಹಿಡಿಗೆ ಕೈ ಹಾಕಲು ಬಂದ. ನಾನು ಬಿಡಲಿಲ್ಲ. ಮಾರುವವನ ಕೈಗೆ ಯಂತ್ರದ ಕುಂಟು ಗೊತ್ತಿರುತ್ತದೆ, ಅದನ್ನು ತಪ್ಪಿಸಿಕೊಂಡೇ ನಡೆಸುತ್ತಾನೆ. ದಿನವೂ ನಡೆಸುವವನ ಕೈಗೇ ಕೊಡಬೇಕು.

ಹಮಾಲ ಪಂಪು ಒತ್ತಿದ. ಇಪ್ಪತ್ತು ಚೀಲ ಕೂಗದೆ ಕಿರುಚದೆ ಎದ್ದು ಲಾರಿಯ ಎತ್ತರಕ್ಕೆ ಹೋಗಿ ನಿಂತವು. ಅವನ ಮುಖ ನೋಡಬೇಕಿತ್ತು. ಬದುಕಿಡೀ ತಾನು ಹೊತ್ತದ್ದನ್ನು ಬೇರೆ ಯಾರೋ ಹೊತ್ತುಕೊಂಡು ನಿಂತದ್ದನ್ನು ಮೊದಲ ಸಲ ನೋಡುತ್ತಿದ್ದ. ಕೈಗಳು ನಿಂತ ಜಾಗಕ್ಕೆ ಯಂತ್ರದ ಕಂಬದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಲು ಅವನಿಗೇ ಹೇಳಿದೆ. ನಾನು ಸುಮ್ಮನೆ ಬಗ್ಗಿ ನೆಲದಿಂದ ಆ ಕೈಗಳವರೆಗೆ ಗೇಣು ಹಾಕಿದೆ. ಐದು ಗೇಣು, ಮೇಲೆ ನಾಲ್ಕು ಬೆರಳು. ಆಮೇಲೆ ಎಲ್ಲರೂ ಎದುರಿನ ಹೋಟೆಲಿಗೆ ಚಾ ಕುಡಿಯಲು ಹೋದೆವು. ಹಮಾಲ ನಡುವೆಯೇ ಲೋಟ ಇಟ್ಟು, ಬೆಕ್ಕು ಗೋದಾಮಿನ ಒಳಗೆ ಹೋದ ಹಾಗೆ ಕಂಡಿತು ಎಂದು ಹೇಳಿ ಹೋದವನು ಅಲ್ಲೇ ಉಳಿದ.

ವಾಪಸು ಬಂದಾಗ ಕೈಗಳು ಗೆರೆಗೆ ಸರಿಯಾಗಿ ನಿಂತಿದ್ದವು. ಮಾರಾಟಗಾರ ಖುಷಿಯಿಂದ ಬಿಲ್ ಪುಸ್ತಕಕ್ಕೆ ತನ್ನ ಕೈಚೀಲ ತಡಕಾಡಿದ. ನಾನು ಮತ್ತೆ ಬಗ್ಗಿ ಗೇಣು ಹಾಕಿದೆ. ಐದು ಗೇಣು, ಮೇಲೆ ಒಂದು ಬೆರಳು. ಮೂರು ಬೆರಳು ಇಳಿದಿತ್ತು, ಗೆರೆಯೂ ಅದರ ಜೊತೆಗೆ ಇಳಿದಿತ್ತು.

ಹಮಾಲನನ್ನು ಚೀಲದ ಅಟ್ಟಿಯ ಹಿಂದೆ ಕರೆದೆ. ಅವನ ಬೆರಳ ತುದಿ ಬಿಳಿಯಾಗಿತ್ತು.

"ಗೆರೆ ಎಂತಕ್ಕೆ ಒರೆಸಿದೆ?"

ಅವನು ಬೆರಳನ್ನು ಲುಂಗಿಗೆ ಒರೆಸಿಕೊಂಡ, ತಡವಾಗಿತ್ತು. "ಇದು ವಾಪಸ್ ಹೋದ್ರೆ ಇನ್ನೊಂದು ಬರ್ತದೆ ಹೇಳಿ ಎಂತ ಗ್ಯಾರಂಟಿ ಅಕ್ಕ? ನೀವು ಚೌಕಾಸಿ ಮಾಡ್ತಾ ಮಾಡ್ತಾ ಮಳೆಗಾಲ ಬರ್ತದೆ. ನಾ ಹೆಬಳೆಯಲ್ಲಿ ನವಿಲು ಓಡಿಸ್ತಾ ಇರ್ತೆ."

ಮನೆಯ ಮಿಕ್ಸರಿಗೆ ಒಂದೂವರೆ ವರ್ಷ ಚೌಕಾಸಿ ಮಾಡಿ, ಅಷ್ಟೂ ದಿನ ಒರಳಲ್ಲಿ ರುಬ್ಬಿದವಳು ನಾನು. ಅದು ಅವನಿಗೂ ಗೊತ್ತು.

"ಮಷಿನ್ ವಾಪಸ್ ಹೋಗ್ಲಿ, ನೀನು ಹೋಗೂದಿಲ್ಲ," ಎಂದೆ. "ಆದ್ರೆ ತನ್ನಷ್ಟಕ್ಕೆ ಕೆಳಗೆ ಬರೂ ಹೊರೆಯ ಹತ್ರ ನಾ ನಿನ್ನ ನಿಲ್ಲಿಸೂದಿಲ್ಲ. ಸೊಂಟದ ಜೊತೆಗೆ ಕಾಲೂ ಹೋದ್ರೆ ನವಿಲು ಓಡಿಸೂಕೂ ಆಗೂದಿಲ್ಲ. ಹತ್ತು ದಿನದ ಒಳಗೆ ಇನ್ನೊಂದು ತರಿಸ್ತೆ, ಆತಾ?"

ಅವನು ಅಟ್ಟಿಯ ಚೀಲವೊಂದನ್ನು ಒತ್ತಿ ಒತ್ತಿ ನೋಡಿದ. "ಆತು," ಎಂದ. ಆಮೇಲೆ ನಾನು ತಡೆಯುವ ಮೊದಲೇ ಸೀದಾ ಮಾರಾಟಗಾರನ ಎದುರು ಹೋಗಿ, ಯಂತ್ರ ಮೂರು ಬೆರಳು ಇಳಿದಿದೆ, ಗೆರೆ ತಿದ್ದಿದ್ದು ನಾನೇ ಎಂದು ಹೇಳಿಬಿಟ್ಟ.

ಮಾರಾಟಗಾರ ಮೊದಲು ನಂಬಲಿಲ್ಲ. ಇನ್ನೊಂದು ಸುತ್ತು ಚಾ ತರಿಸಿ, ಈ ಸಲ ಎಲ್ಲರೂ ಯಂತ್ರದ ಎದುರೇ ನಿಂತು ಕುಡಿದೆವು. ಕಣ್ಣೆದುರೇ ಇನ್ನೆರಡು ಬೆರಳು ಇಳಿಯಿತು. ಅವನು ಮಾತು ಬದಲಿಸಿದ. ಎಣ್ಣೆ ಸೋರದ ಹಾಗೆ ಸೀಲ್ ಒಂದು ಹಾಕಿದರೆ ಸರಿಹೋಗುತ್ತದೆ, ಅದಕ್ಕಿಂತ ಹೆಚ್ಚಾಗಿ ಪೂಜೆಯಾದ ಲಕ್ಷ್ಮಿಯನ್ನು ಮನೆಯಿಂದ ಹೊರಗೆ ಕಳಿಸುತ್ತಾರೆಯೇ ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಹಮಾಲ ಹೇಳಿದ:

"ಗಣಪತಿಗೂ ನಾವು ಪೂಜೆ ಮಾಡಿಯೇ ಕಳಿಸೂದು, ಸಾಹುಕಾರ್ರೆ. ಮನೆಯಲ್ಲೇ ಇಟ್ಕೊಳ್ಳೂದಿಲ್ಲ."

ಮಾರಾಟಗಾರ ನಕ್ಕು ನಕ್ಕು ಕೆಮ್ಮಿದ. ಅವನು ನಗುವಾಗಲೇ ನಾನು ವ್ಯವಹಾರ ಮುಗಿಸಿದೆ. ನಗುವವನು ಬೇಗ ಒಪ್ಪುತ್ತಾನೆ, ಇದನ್ನೂ ನೆನಪಿಟ್ಟುಕೊಳ್ಳಿ. ಆದರೆ ಬದುಕಿನಲ್ಲಿ ಮೊದಲ ಸಲ ನಾನು ದರ ಎಳೆಯಲಿಲ್ಲ. ದಿನಕ್ಕಾಗಿ ಎಳೆದೆ. ಇದನ್ನು ಒಯ್ದು ಬೇರೆ ಯಂತ್ರ ತರಲು ಅವನು ತಿಂಗಳು ಎಂದ, ನಾನು ವಾರ ಎಂದೆ, ಹತ್ತನೆಯ ದಿನಕ್ಕೆ ನಿಂತಿತು. ಹಾಗೆಂದು ಬರಿಗೈಯಲ್ಲಿ ಬಿಡಲು ನನ್ನಿಂದಾಗುವುದೇ? ಎರಡು ಸೀಲ್ ಹೆಚ್ಚಿಗೆ, ಪ್ರತಿ ಮಳೆಗಾಲದ ಮೊದಲು ಒಂದು ಪುಕ್ಕಟೆ ಸರ್ವಿಸ್ ಬರೆಸಿಕೊಂಡೆ.

ಆ ಹತ್ತು ದಿನ ಹಮಾಲ ಬೆಳಿಗ್ಗೆ ಬಂದವನೇ ರಸ್ತೆ ನೋಡುತ್ತಿದ್ದ. ನಾನು ದಿನವೂ ಹುಬ್ಬಳ್ಳಿಗೆ ಫೋನು ಮಾಡಿದೆ, ಹಮಾಲನಿಗೆ ಕೇಳುವ ಹಾಗೆ ಜೋರಾಗಿಯೇ ಮಾಡಿದೆ. ಒಂಬತ್ತನೆಯ ದಿನ ಯಂತ್ರ ಬಂತು. ಇಪ್ಪತ್ತು ಚೀಲ ಹಾಕಿ, ಎತ್ತಿ, ಈ ಸಲ ಚಾ ಅಲ್ಲ, ಊಟವನ್ನೇ ಮುಗಿಸಿ ಬಂದು ಗೇಣು ಹಾಕಿದೆವು, ನಾನೊಮ್ಮೆ, ಅವನೊಮ್ಮೆ. ಒಂದು ಕೂದಲೂ ಇಳಿದಿರಲಿಲ್ಲ. ಬಾಗಿಲ ಇಳಿಜಾರಿನಲ್ಲಿ ಬ್ರೇಕು ಹಿಡಿಯುತ್ತದೆಯೇ, ಮೂಲೆಯಲ್ಲಿ ತಿರುಗುತ್ತದೆಯೇ, ಹೊಸ್ತಿಲಿಗೆ ಹಾಸಿದ ಕಬ್ಬಿಣದ ತಗಡನ್ನು ದಾಟುತ್ತದೆಯೇ, ಎಲ್ಲ ಅವನೇ ನೋಡಿದ. ಬೇರೆ ಯಾರನ್ನೂ ಹತ್ತಿರ ಬಿಡಲಿಲ್ಲ.

ಮರುದಿನ ತೌಡಿನ ಲಾರಿ ಬಂತು. ಡ್ರೈವರು ಎಂದಿನ ಹಾಗೆ ಅಡ್ಡಾದಿಡ್ಡಿ ನಿಲ್ಲಿಸಿ ಇಳಿಯಲು ಹೊರಟ. ಹಮಾಲ ಅವನನ್ನು ಮತ್ತೆ ಹತ್ತಿಸಿ, ಲಾರಿಯ ಹಿಂಭಾಗಕ್ಕೂ ಯಂತ್ರದ ಕೈಗೂ ನಡುವೆ ಒಂದೇ ಗೇಣು ಉಳಿಯುವವರೆಗೆ ನಾಲ್ಕು ಸಲ ಹಿಂದೆ ಮುಂದೆ ಮಾಡಿಸಿದ. ಇಷ್ಟು ವರ್ಷ ಇಲ್ಲದ ಹೊಸ ಕಾನೂನು ಎಂತದು ಎಂದು ಡ್ರೈವರು ಗೊಣಗಿದ. ಹುಡುಗರು ಲಾರಿಯ ಮೇಲಿಂದ ಚೀಲಗಳನ್ನು ಹಲಗೆಗೆ ಜಾರಿಸಿದರು. ಹೊರೆ ಇಳಿಯುವಾಗ ಅಭ್ಯಾಸ ಬಲದಿಂದ ನಾನೂ ಪಕ್ಕಕ್ಕೆ ಹೋಗಿ ಚೀಲಕ್ಕೆ ಕೈ ಕೊಟ್ಟೆ.

"ಅಕ್ಕ, ಕೈ ತೆಗೀರಿ," ಎಂದ ಅವನು, ನನ್ನ ಮುಖವನ್ನೂ ನೋಡದೆ. "ಇಲ್ಲಿ ನೋಡ್ಕೊಳ್ಳೂಕೆ ನಾ ಇದ್ದೆ."

ನಾನು ಎರಡು ಹೆಜ್ಜೆ ಹಿಂದೆ ಸರಿದು ನಿಂತೆ.