ಮೊದಲು ಚೀಲ, ಆಮೇಲೆ ಜನ

ನಮ್ಮ ದ್ವೀಪಕ್ಕೆ ಹಡಗುಕಟ್ಟೆ ಇಲ್ಲ. ತುವಾಲ್ ಪಟ್ಟಣದ ಹಡಗು ಎರಡು ವಾರಕ್ಕೊಮ್ಮೆ ಬಂದು, ಹವಳದ ದಿಬ್ಬದ ಆಚೆಯೇ ನಿಂತು ಕೂಗುತ್ತದೆ. ಅಲ್ಲಿಗೆ ಜನರನ್ನು ಮುಟ್ಟಿಸುವುದು, ಟಪಾಲು ತರುವುದು ನಮ್ಮ ದೊಡ್ಡಮ್ಮ ಒಕ್ತೊವಿನಾಳ ದೋಣಿ. ಗಂಡ ತೀರಿಕೊಂಡ ಮೇಲೆ ಚುಕ್ಕಾಣಿ ಹಿಡಿದವಳು ಇನ್ನೂ ಬಿಟ್ಟಿಲ್ಲ.

ಅವಳದೊಂದು ಕಟ್ಟಳೆಯಿದೆ. ಹಡಗಿನಿಂದ ಟಪಾಲು ಚೀಲ ಇಳಿಯುವವರೆಗೆ ದೋಣಿಯಿಂದ ಯಾರೂ ಹತ್ತಬಾರದು. ಹಿಂದೊಮ್ಮೆ ಹಡಗು ಜನರನ್ನು ಹತ್ತಿಸಿಕೊಂಡು, ಚೀಲ ಇಳಿಸುವುದನ್ನೇ ಮರೆತು ಹೊರಟುಹೋಗಿತ್ತು. ಮಲೇರಿಯಾ ಗುಳಿಗೆಗಳು ಆ ಚೀಲದಲ್ಲೇ ಉಳಿದವು. ಊರು ಜ್ವರದಲ್ಲಿ ನಡುಗಿತು.

ನಾನು ಶಿಕ್ಷಕರ ಕಾಲೇಜಿಗೆ ಹೊರಟದ್ದು ಪಡುಗಾಳಿಗೆ ಕಡಲು ಉಕ್ಕುವ ಕಾಲದಲ್ಲಿ. ನಮ್ಮ ಮನೆಯಿಂದ ಕಾಲೇಜು ಮೆಟ್ಟಿಲು ಹತ್ತುವವಳು ನಾನೇ ಮೊದಲು. ಆ ಹಡಗು ತಪ್ಪಿದರೆ ಸೇರುವ ಗಡುವು ಮುಗಿಯುತ್ತಿತ್ತು. ಅಮ್ಮ ಕಟ್ಟಿಕೊಟ್ಟ ಮರಗೆಣಸಿನ ರೊಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು, ದಾರಿಯುದ್ದಕ್ಕೂ ಡಬ್ಬಿಯಿಂದ ದೋಣಿಯ ನೀರು ಮೊಗೆದು ಚೆಲ್ಲಿದೆ. ಹಡಗಿನ ಪಕ್ಕ ಸೇರಿದಾಗ ಹೊಸ ಕಪ್ತಾನ ಮೇಲಿಂದ ಕೂಗಿದ:

"ಹುಡುಗೀನ ಬೇಗ ಹತ್ಸಮ್ಮಾ! ಚೀಲ ಮುಂದಿನ ಸಲ ಕೊಡ್ತೀವಿ!"

"ನಿಂಗೆ ಜ್ವರ ಬಂದಾಗ ಗುಳಿಗೇನೂ ಮುಂದಿನ ಸಲಾನೇ ಕೊಡ್ತೀನಿ! ಇಳ್ಸು ಚೀಲ!"

"ಅಲೆ ನೋಡು, ದೋಣಿ ಮಗುಚತ್ತೆ!"

"ಭಯ ಆದ್ರೆ ನೀನು ಕಣ್ ಮುಚ್ಕೋ!"

ಮೇಲಿದ್ದವರು ಗೊಳ್ಳೆಂದರು. ನನಗೆ ನಗು ಬರಲಿಲ್ಲ. ಹಗ್ಗದ ಏಣಿಗೆ ಕೈ ಚಾಚಿದೆ. ದೊಡ್ಡಮ್ಮ ನನ್ನ ಸೊಂಟದ ಬಟ್ಟೆ ಹಿಡಿದೆಳೆದಳು.

"ಬಿಡು ದೊಡ್ಡಮ್ಮ! ಹಡಗು ಹೋದ್ರೆ ನನ್ನ ಓದೂ ಹೋಗತ್ತೆ!"

"ನೀನು ಹತ್ತಿಬಿಟ್ರೆ ಅವನು ಇನ್ಯಾಕೆ ನಿಲ್ತಾನೆ? ಕೂತ್ಕೊಳ್ಳೇ."

ಹಡಗು ಕೂಗಿತು. ಎಂಜಿನ್ನಿನ ಸದ್ದು ಏರಿತು. ನಾನು ಅತ್ತೇಬಿಟ್ಟೆ. ಅವಳು ಮಾತ್ರ ಏಣಿಯ ತುದಿಯನ್ನು ಕಾಲಡಿ ಅದುಮಿಕೊಂಡು ಕಪ್ತಾನನನ್ನೇ ದಿಟ್ಟಿಸುತ್ತಿದ್ದಳು. ಕೊನೆಗೆ ಸೋತವನು ಅವನೇ. ಹಗ್ಗದ ತುದಿಯಲ್ಲಿ ತೂಗಾಡುತ್ತ ಚೀಲ ಇಳಿಯಿತು.

ಅದನ್ನು ಕಾಲ ಬಳಿ ಎಳೆದುಕೊಂಡು, ಏಣಿಯಿಂದ ಕಾಲು ತೆಗೆದು, ದೊಡ್ಡಮ್ಮ ನನ್ನ ಬೆನ್ನಿಗೆ ಕೈಯಿಟ್ಟಳು. "ಇನ್ನೂ ಇಲ್ಲ... ತಡಿ... ಈಗ!" ಅಲೆ ದೋಣಿಯನ್ನು ಎತ್ತಿಕೊಟ್ಟಿತು. ನಾನು ಏಣಿ ಹಿಡಿದೆ. ಮೇಲೇರಿ ತಿರುಗಿ ನೋಡಿದರೆ, ತಾನು ಹೊದ್ದಿದ್ದ ಬಟ್ಟೆಯನ್ನು ಚೀಲಕ್ಕೆ ಹೊದಿಸಿ, ನೆನೆಯುತ್ತ ಊರ ಕಡೆಗೆ ದೋಣಿ ತಿರುಗಿಸುತ್ತಿದ್ದಳು.

"ಆ ಗಟ್ಟಿಗಿತ್ತಿ ನಿಂಗೇನಾಗ್ಬೇಕು?" ಕಪ್ತಾನ ಕೇಳಿದ.

"ನಮ್ಮ ದೊಡ್ಡಮ್ಮ!" ಎಂದೆ, ಹಡಗಿಗೆಲ್ಲ ಕೇಳುವಂತೆ.

ಕ್ರಿಸ್‌ಮಸ್ ರಜೆಗೆ ಅದೇ ಹಡಗಿನಲ್ಲಿ ಮರಳಿದೆ. ದೋಣಿ ಕಾಣುವ ಮೊದಲೇ ಕಪ್ತಾನ ಚೀಲಕ್ಕೆ ಹಗ್ಗ ಕಟ್ಟಿಸಿಟ್ಟಿದ್ದ. ಹೆಮ್ಮೆ ತಡೆಯಲಾರದೆ ನಾನೂ ಬಾಗಿ ಕೂಗಿದೆ: "ಮೊದಲು ಚೀಲ!"

ಕೆಳಗಿನಿಂದ ಉತ್ತರ ಬಂತು: "ಅದನ್ನ ಹೇಳೋಕೆ ನಾನಿದೀನಿ, ಮೇಡಮ್ಮೋರೇ! ನೀವು ಅಲೆ ನೋಡ್ಕೊಂಡು ಇಳೀರಿ!"