ಬೆಂಕಿಪೊಟ್ಟಣದಷ್ಟಿದ್ದ ಸವತಿ

ಇವತ್ತು ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದ ಹಾಗೇ ಪಕ್ಕದಿಂದ ಬೆಸುಗೆಯ ರಾಳದ ಹೊಗೆ ಬಂತು. ಕೆಲವರಿಗೆ ಮಲ್ಲಿಗೆಯ ವಾಸನೆಯಿಂದ ಹಳೆಯದೆಲ್ಲ ನೆನಪಾಗುತ್ತದಂತೆ. ನನಗೆ ರಾಳದ ಹೊಗೆಯಿಂದ ಹೊಟ್ಟೆಕಿಚ್ಚು ನೆನಪಾಗುತ್ತದೆ. ಅವರವರ ಯೋಗ್ಯತೆ.

ಹುಣಸೂರಿನಲ್ಲಿ ನನ್ನದು ಪಂಪ್‌ಸೆಟ್ ಮೋಟಾರಿಗೆ ತಂತಿ ಸುತ್ತುವ ಅಂಗಡಿ. ಗೋಡೆಯಾಚೆ ಇಲಿಯಾಸ್. ಅವರಪ್ಪ ರೇಡಿಯೊ ರಿಪೇರಿ ಮಾಡುತ್ತಿದ್ದರು. ಇವನು ತಂಬಾಕಿನ ಬ್ಯಾರನ್ನಿಗೆ ಕಾವಲು ಪೆಟ್ಟಿಗೆ ಮಾಡುತ್ತಾನೆ. ತಂಬಾಕಿನ ಸೊಪ್ಪು ಬೆಂದು ಒಣಗುವ ಆ ಮನೆಯಲ್ಲಿ ಬಿಸಿ ಏರಿದರೆ ಆ ಪೆಟ್ಟಿಗೆ ಕಿರುಚಬೇಕು, ಇಳಿದರೂ ಕಿರುಚಬೇಕು. ಒಳಗೊಂದು ಹುಣಸೆಬೀಜದಷ್ಟು ಕಂಪ್ಯೂಟರ್ ಚಿಪ್ಪು, ಯೋಚನೆಯೆಲ್ಲ ಅದರದು. ಅದು ಮುನಿಸಿಕೊಂಡ ದಿನ ಇಲಿಯಾಸ್ ಸ್ಕ್ರೂಡ್ರೈವರಿನ ಹಿಡಿಯಿಂದ ಗೋಡೆ ಕುಟ್ಟುತ್ತಿದ್ದ. "ಅಣ್ಣಾ, ಏನಾಗಿರ್ಬೋದು?" ನಾನು ಟೀ ಲೋಟದ ಸಮೇತ ಹೋಗಿ, ಅಲ್ಲಿದ್ದ ಒಂದೇ ಕುರ್ಚಿಯಲ್ಲಿ ಕೂತು ತೀರ್ಪು ಕೊಡುತ್ತಿದ್ದೆ. ಚಿಪ್ಪಿನ ವಿಷಯ ನನಗೇನೂ ಗೊತ್ತಿಲ್ಲ ಎಂಬುದು ನಮ್ಮಿಬ್ಬರಿಗೂ ಅಡ್ಡಿಯಾಗಿರಲಿಲ್ಲ.

ಆಮೇಲೆ ಅದು ಬಂತು. ಬೆಂಕಿಪೊಟ್ಟಣದಷ್ಟು ಗಾತ್ರ, ನಾಲ್ಕು ಬಣ್ಣದ ತಂತಿ. ಒಂದು ತುದಿ ಲ್ಯಾಪ್‌ಟಾಪಿಗೆ, ಇನ್ನೊಂದು ಚಿಪ್ಪಿನ ಪಕ್ಕದ ಪುಟ್ಟ ಮೊಳೆಗಳಿಗೆ. ಡೀಬಗ್ಗರ್ ಎಂದ.

"ಚಿಪ್ಪನ್ನ ನಡುದಾರೀಲಿ ನಿಲ್ಲಿಸಿ, ಮನಸ್ನಲ್ಲಿ ಏನೈತೆ ಅಂತ ಕೇಳ್ಬೋದು ಅಣ್ಣ. ಸುಳ್ಳು ಹೇಳಾಕಿಲ್ಲ."

ಇಂಥ ಮೊಳೆಗಳನ್ನು ದೇವರು ಮನುಷ್ಯರಿಗೇಕೆ ಇಡಲಿಲ್ಲ ಎಂದು ನೀವೂ ಕೇಳಬಹುದು. ಮದುವೆಯಾಗಿ ಇಷ್ಟು ವರ್ಷವಾದರೂ ನಮ್ಮ ಮನೆಯಲ್ಲಿ ನನಗೆ ಒಂದೂ ಸಿಕ್ಕಿಲ್ಲ. ಹೋಗಲಿ. ಅಂದಿನಿಂದ ಗೋಡೆ ಮಾತಾಡಲಿಲ್ಲ. ಚಿಪ್ಪನ್ನೇ ಕೇಳುವಾಗ ನನ್ನನ್ನೇಕೆ ಕೇಳಬೇಕು?

ಅದರ ಮೇಲೆ ಧೂಳು ಕೂತಿದೆಯೇ ಎಂದು ನೋಡಲು ಏನೇನೋ ನೆಪ ಮಾಡಿಕೊಂಡು ಹೋದೆ. ಕೂತಿರಲಿಲ್ಲ, ಅದಕ್ಕೊಂದು ವೆಲ್ವೆಟ್ ಚೀಲ ಹೊಲಿಸಿದ್ದ. ನನ್ನ ಕುರ್ಚಿಯ ಮೇಲೆ ಲ್ಯಾಪ್‌ಟಾಪು ವಿರಾಜಮಾನವಾಗಿತ್ತು. ಸವತಿ ಬಂದ ಮನೆಯ ಹಿರಿಯ ಹೆಂಡತಿಯಂತೆ ನಾನು ಬಾಗಿಲಲ್ಲೇ ನಿಂತು ಹವಾಮಾನದ ಬಗ್ಗೆ ಎರಡು ಮಾತಾಡಿ ಬಂದೆ.

ಹೀಗಿರುವಾಗ ಒಂದು ಮಧ್ಯಾಹ್ನ ಗೋಡೆ ಕುಟ್ಟಿದ ಸದ್ದು! ತಕ್ಷಣ ಹೋಗಬಾರದೆಂದುಕೊಂಡೆ. ತಕ್ಷಣ ಹೋದೆ.

ರಾವಂದೂರಿನ ಸ್ವಾಮಣ್ಣ ತನ್ನ ಪೆಟ್ಟಿಗೆ ತಂದು ಕೂತಿದ್ದ. "ಬ್ಯಾರನ್ ತುಂಬ ಸೊಪ್ಪೈತೆ ಕಣ್ರಪ್ಪ. ಬಿಸಿ ನೋಡ್ಕೊಳೋಕೆ ಎಂಡ್ರನ್ನ ಕೂರ್ಸಿ ಬಂದಿವ್ನಿ. ಬೇಗ ಏನಾರ ಮಾಡಿ!"

ಇಲಿಯಾಸ್ ಬೆವರುತ್ತಿದ್ದ. "ಡೀಬಗ್ಗರ್ ಹಾಕಿದ್ರೆ ಚಿಪ್ಪು ಸರಿಯಾಗೇ ಓಡ್ತದೆ ಅಣ್ಣ. ತಪ್ಪೇ ಇಲ್ಲ ಅಂತದೆ. ತಂತಿ ಕಿತ್ತ ತಕ್ಷಣ ಕೆಡ್ತದೆ. ಏನಾಗಿರ್ಬೋದು?"

ಲ್ಯಾಪ್‌ಟಾಪನ್ನು ಎತ್ತಿಟ್ಟು ಕುರ್ಚಿಯಲ್ಲಿ ಕೂತೆ. ಗಂಟಲು ಸರಿಮಾಡಿಕೊಂಡೆ. "ಇದು ಮರ್ಯಾದೆಯ ಪ್ರಶ್ನೆ ಕಣಯ್ಯ. ಬೀಗರು ಬಂದಿದ್ದಾಗ ಮನೆ ಮಕ್ಕಳು ಗಲಾಟೆ ಮಾಡ್ತಾವಾ? ಎದುರಿಗೆ ಕೂತು ನೋಡೋರಿದ್ರೆ ಚಿಪ್ಪಿಗೂ ಭಯ."

"ಭಯ ಎಲ್ಲಿ ಬಂತು ಅಣ್ಣ! ಬೀಗ್ರು ತಂದ ಮಿಠಾಯಿ ಬಾಯ್ತುಂಬ ಇರ್ತದೆ, ಅದಕ್ಕೆ ಸುಮ್ಕಿರ್ತಾವೆ..." ಎಂದವನು ಹಾಗೇ ನಿಂತ. ಅವನ ಕಣ್ಣು ನಾಲ್ಕು ತಂತಿಗಳಲ್ಲಿ ಕೆಂಪನೆಯದರ ಮೇಲಿತ್ತು. "ಅರೆ, ಈ ಡಬ್ಬಿ ಚಿಪ್ಪಿಗೆ ಊಟ ಹಾಕ್ತೈತೆ!"

ಬ್ಯಾರನ್ನಿನ ಬಿಸಿಗೆ ಪೆಟ್ಟಿಗೆಯ ಸ್ವಂತ ಕೆಪ್ಯಾಸಿಟರ್ ಒಣಗಿಹೋಗಿತ್ತು. ಚಿಪ್ಪಿಗೆ ಸಾಕಷ್ಟು ಕರೆಂಟಿರಲಿಲ್ಲ. ಮಾತಾಡಿಸಲು ಬಂದ ಸವತಿ ಕೆಂಪು ತಂತಿಯಲ್ಲಿ ಲ್ಯಾಪ್‌ಟಾಪಿನ ಕರೆಂಟನ್ನೂ ಉಣಿಸುತ್ತಿದ್ದಳು. ಉಂಡವರು ಕಷ್ಟ ಹೇಳಿಕೊಳ್ಳುತ್ತಾರೆಯೇ? ಕೆಪ್ಯಾಸಿಟರ್ ಬದಲಾಯಿಸಿದ್ದೇ ಸ್ವಾಮಣ್ಣ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಓಡಿದ.

"ಕೊನೆಗೂ ನನ್ನ ಮಾತೇ ಸರಿಯಾಯ್ತು" ಎಂದೆ.

ಇಲಿಯಾಸ್ ನಗುತ್ತ ಡೀಬಗ್ಗರನ್ನು ಅದರ ವೆಲ್ವೆಟ್ ಚೀಲಕ್ಕೆ ಹಾಕಿದ. "ನಿಮ್ದು ಯಾವತ್ತು ಸರಿಯಾಗಿತ್ತು ಅಣ್ಣ? ನೀವು ಏನೋ ಒಂದು ತಪ್ಪು ಹೇಳ್ತೀರಿ. ಅದನ್ನ ಇಲ್ಲ ಅನ್ನೋಕೆ ಹೋಗಿ ನಂಗೆ ಸರಿಯಾದ್ದು ಸಿಗ್ತದೆ. ಈ ಡಬ್ಬಿ ಕೇಳಿದ್ದಕ್ಕಷ್ಟೇ ಹೇಳ್ತದೆ. ಜಗಳಕ್ಕೆ ಬರಾಕಿಲ್ಲ."

ಇಷ್ಟು ವರ್ಷ ನ್ಯಾಯಾಧೀಶನೆಂದುಕೊಂಡು ಕೂತಿದ್ದವನು ನಾನು. ಅವಮಾನವೋ ಬಿರುದೋ ಎಂದು ನಿರ್ಧರಿಸಲು ಎರಡು ದಿನ ಬೇಕಾಯಿತು. ಬಿರುದು ಎಂದೇ ಇಟ್ಟುಕೊಂಡೆ.

ಇದನ್ನು ಬರೆಯುತ್ತಿರುವಾಗಲೇ ಗೋಡೆ ಕುಟ್ಟಿದ ಸದ್ದಾಯಿತು. ಲೋಟ ಹಿಡಿದು ಹೊರಟೆ. ಈಚೆಗೆ ಒಂದೇ ಹೆದರಿಕೆ: ಇಷ್ಟೆಲ್ಲ ನೋಡಿ ನೋಡಿ ಎಲ್ಲಿ ಸರಿಯಾದ ಉತ್ತರ ಬಾಯಿಗೆ ಬಂದುಬಿಡುತ್ತದೋ ಎಂದು. ಮೇಜಿನ ಮೇಲೆ ಅವಳು ತಂತಿ ಚಾಚಿ ಮಲಗಿದ್ದಳು. ಮೊದಲಾಗಿದ್ದರೆ ಕಾಣದಂತೆ ಪೇಪರು ಮುಚ್ಚುತ್ತಿದ್ದೆ. ಇವತ್ತು ಬೆರಳಿನಿಂದ ಸ್ವಲ್ಪವೇ ಆಚೆಗೆ ಸರಿಸಿ, ಪಕ್ಕದಲ್ಲಿ ನನ್ನ ಲೋಟ ಇಟ್ಟೆ.